ಟ್ರ್ಯಾಕ್ಟರಿನ ಹೈಡ್ರಾಲಿಕ್ ಹೋಸ್: ಸವೆತ ತಡೆಯುವುದು, ಕೈ ಉಳಿಸಿಕೊಳ್ಳುವುದು

ನಮ್ಮ ಕೂಟದ ಸ್ಮರಣ ಸಂಚಿಕೆಗೆ ವೈದ್ಯರು ಲೇಖನ ಬರೆದರೆ ಅದು ಸಾಮಾನ್ಯವಾಗಿ ಮಧುಮೇಹ, ರಕ್ತದೊತ್ತಡ ಅಥವಾ ಮೊಣಕಾಲು ನೋವಿನ ಬಗ್ಗೆ ಇರುತ್ತದೆ. ಈ ಬಾರಿ ನಾನು ಟ್ರ್ಯಾಕ್ಟರಿನ ರಬ್ಬರ್ ಹೋಸಿನ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಎರಡು ಕಾರಣಗಳಿವೆ. ಒಂದು, ಅಮೆರಿಕದ ಮಧ್ಯಪಶ್ಚಿಮದಲ್ಲಿ, ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಸೀಮೆಯ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ ನಾನು, ಸವೆದ ಹೋಸ್ ಮನುಷ್ಯನ ಕೈಗೆ ಏನು ಮಾಡಬಲ್ಲದು ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಇನ್ನೊಂದು, ಈಗ ನಮ್ಮವರಲ್ಲೇ ಹಲವರು ಊರ ಹೊರಗೆ ಐದೋ ಹತ್ತೋ ಎಕರೆ ಜಾಗ ಕೊಂಡು, ಮುಂದೆ ಲೋಡರ್ ಇರುವ ಚಿಕ್ಕ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾರೆ. ಹಿಮ ಎತ್ತುವುದು, ಗೊಬ್ಬರ ಹಾಕುವುದು, ಸೌದೆ ಸಾಗಿಸುವುದು ಎಲ್ಲವೂ ಅದರಲ್ಲೇ. ಊರಿನಲ್ಲಿ ಅಣ್ಣತಮ್ಮಂದಿರು ನಡೆಸುವ ಜಮೀನಿನಲ್ಲೂ ಟ್ರ್ಯಾಕ್ಟರ್ ಇದೆ. ಎಂಜಿನ್ ಆಯಿಲ್, ಟೈರು, ಬ್ಯಾಟರಿ ಇವುಗಳನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಹೋಸ್ ಮಾತ್ರ ಒಡೆದ ಮೇಲೆಯೇ ನೆನಪಾಗುವ ವಸ್ತು.

ಹೋಸ್ ಸವೆದರೆ ಆಗುವ ನಷ್ಟ ಕೆಲವು ಗ್ಯಾಲನ್ ಎಣ್ಣೆ ಮತ್ತು ಒಂದು ದಿನದ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅಪಾಯದಲ್ಲಿರುವುದು ಅದನ್ನು ಮುಟ್ಟಿ ನೋಡುವವನ ಬೆರಳು. ಆ ಅಪಾಯವನ್ನು ತಡೆಯುವ ಸಾಧನಗಳ ಬೆಲೆ ಮಾತ್ರ ಬಹಳ ಕಡಿಮೆ.

ಒತ್ತಡ ಎಷ್ಟು?

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ನಿಯಮವನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ವಿವರಿಸಿದ. ಅದನ್ನು ಆಧರಿಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಹೊಲಕ್ಕೆ ಈ ತತ್ತ್ವ ದೊಡ್ಡದಾಗಿ ಬಂದದ್ದು ಹ್ಯಾರಿ ಫರ್ಗುಸನ್ ಅವರ ಮೂರು ಬಿಂದುಗಳ ಜೋಡಣೆಯ ಮೂಲಕ. ಹೈಡ್ರಾಲಿಕ್ ಬಲದಿಂದ ನೇಗಿಲನ್ನು ಎತ್ತಿ ಇಳಿಸುವ ಆ ವ್ಯವಸ್ಥೆ 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನಲ್ಲಿ ಬಂದು, ಮುಂದೆ ಎಲ್ಲ ಟ್ರ್ಯಾಕ್ಟರುಗಳ ಮಾದರಿಯಾಯಿತು.

ಇಂದಿನ ಟ್ರ್ಯಾಕ್ಟರಿನಲ್ಲಿ ಪಂಪು ಎಣ್ಣೆಯನ್ನು ಚದರ ಅಂಗುಲಕ್ಕೆ ಸುಮಾರು 2,000ದಿಂದ 3,000 ಪೌಂಡ್ ಒತ್ತಡದಲ್ಲಿ ತಳ್ಳುತ್ತದೆ. ಕಾರಿನ ಟೈರಿನ ಒತ್ತಡ 32 ಅಥವಾ 35 ಪೌಂಡ್. ವೈದ್ಯನಾಗಿ ನನಗೆ ಹತ್ತಿರದ ಹೋಲಿಕೆ ಇನ್ನೊಂದು: ರಕ್ತದೊತ್ತಡ 120 ಎಂದು ನಾವು ಅಳೆಯುವುದು ಪಾದರಸದ ಮಿಲಿಮೀಟರಿನಲ್ಲಿ. ಅದನ್ನು ಟೈರಿನ ಲೆಕ್ಕಕ್ಕೆ ತಂದರೆ ಚದರ ಅಂಗುಲಕ್ಕೆ ಸುಮಾರು 2.3 ಪೌಂಡ್ ಮಾತ್ರ. 2,500 ಪೌಂಡ್ ಒತ್ತಡದ ಹೋಸ್ ನಮ್ಮ ಅಪಧಮನಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಒತ್ತಡ ಹೊರುತ್ತದೆ. ಎರಡು ಅಂಗುಲ ವ್ಯಾಸದ ಸಿಲಿಂಡರಿನ ಒಳ ವಿಸ್ತೀರ್ಣ 3.14 ಚದರ ಅಂಗುಲ. ಆ ಒತ್ತಡದಲ್ಲಿ ಅದು 7,850 ಪೌಂಡ್ ಬಲದಿಂದ ತಳ್ಳುತ್ತದೆ. ಗೊಬ್ಬರ ತುಂಬಿದ ಬಕೆಟ್ ಸಲೀಸಾಗಿ ಮೇಲೇಳುವುದು ಇದರಿಂದಲೇ.

ಹೋಸಿನ ಮೂರು ಪದರ

ಹೋಸ್ ಹೊರಗಿನಿಂದ ಕಪ್ಪು ರಬ್ಬರ್ ಕೊಳವೆಯಂತೆ ಕಂಡರೂ, ಅಪಧಮನಿಯ ಗೋಡೆಯಂತೆ ಅದಕ್ಕೂ ಮೂರು ಪದರಗಳಿವೆ. ಒಳಗಿನದು ಎಣ್ಣೆಗೆ ಕರಗದ ಕೃತಕ ರಬ್ಬರಿನ ನಳಿಕೆ. ನಡುವಿನದು ಹೆಣೆದ ಉಕ್ಕಿನ ತಂತಿಯ ಬಲೆ. ಒತ್ತಡವನ್ನೆಲ್ಲ ಹೊರುವುದು ಇದೇ. ಹೊರಗಿನದು ತಂತಿಯನ್ನು ಮಳೆ, ಮಣ್ಣು, ಬಿಸಿಲು, ಉಜ್ಜಾಟಗಳಿಂದ ಕಾಯುವ ರಬ್ಬರಿನ ಹೊದಿಕೆ. ತಂತಿಯ ಬಲೆ ಒಂದೇ ಪದರವಿದ್ದರೆ ಅಮೆರಿಕದ ಎಸ್‌ಎಇ ಮಾನದಂಡದಲ್ಲಿ ಅದಕ್ಕೆ 100ಆರ್1 ಎಂದೂ, ಎರಡು ಪದರವಿದ್ದರೆ 100ಆರ್2 ಎಂದೂ ಹೆಸರು. ಹೋಸಿನ ಉದ್ದಕ್ಕೂ ಒಂದು ಸಾಲಿನಲ್ಲಿ ಈ ಗುರುತು, ಅಳತೆ, ಕೆಲಸದ ಒತ್ತಡ ಇವುಗಳನ್ನು ಅಚ್ಚು ಹಾಕಿರುತ್ತಾರೆ. ಈ ಸಾಲು ಮುಂದೆ ನಮಗೆ ಇನ್ನೊಂದು ಉಪಯೋಗಕ್ಕೆ ಬರುತ್ತದೆ.

ಇಂಥ ಹೋಸುಗಳು ಹೊಸದಿದ್ದಾಗ ಕೆಲಸದ ಒತ್ತಡದ ನಾಲ್ಕು ಪಟ್ಟು ತಡೆಯುವಂತೆ ತಯಾರಾಗಿರುತ್ತವೆ. ಹೊರ ಹೊದಿಕೆ ಸವೆದ ಮಾತ್ರಕ್ಕೆ ಹೋಸ್ ಅಂದೇ ಒಡೆಯುವುದಿಲ್ಲ. ಆದರೆ ಅಲ್ಲಿಂದ ನೀರು ಒಳನುಗ್ಗಿ ತಂತಿಗೆ ತುಕ್ಕು ಹಿಡಿಯುತ್ತದೆ, ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಅಪಧಮನಿಯ ಕಾಯಿಲೆ ಸಾಮಾನ್ಯವಾಗಿ ಒಳಗಿನಿಂದ ಶುರುವಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹೋಸಿನ ಕಾಯಿಲೆ ಹೆಚ್ಚಾಗಿ ಹೊರಗಿನಿಂದ ಶುರುವಾಗುತ್ತದೆ. ನೋಡುವ ಅಭ್ಯಾಸವಿದ್ದರೆ ಸಾಕು, ಬಹಳ ಮೊದಲೇ ಸಿಕ್ಕಿಬೀಳುತ್ತದೆ.

ಸವೆತ ಎಲ್ಲಿ, ಏಕೆ?

ಟ್ರ್ಯಾಕ್ಟರ್ ನಿಂತಿರುವಾಗ ನೋಡಿದರೆ ಹೋಸ್ ಅಲುಗಾಡುವ ವಸ್ತು ಎನಿಸುವುದಿಲ್ಲ. ಆದರೆ ಒತ್ತಡ ಏರಿದಾಗ ಹೋಸ್ ಉದ್ದದಲ್ಲಿ ಬದಲಾಗುತ್ತದೆ: ಶೇ. 2ರಷ್ಟು ಉದ್ದವಾಗಬಹುದು, ಶೇ. 4ರಷ್ಟು ಗಿಡ್ಡವಾಗಬಹುದು. ಜೊತೆಗೆ ಎಂಜಿನ್ನಿನ ಕಂಪನ, ಪಂಪಿನ ಮಿಡಿತ, ಲೋಡರ್ ಏರಿಳಿಯುವಾಗಿನ ಬಾಗುವಿಕೆ. ಪ್ರತಿ ಸಲ ಲಿವರ್ ಎಳೆದಾಗ ಹೋಸ್ ತುಸು ಜರುಗುತ್ತದೆ. ಅದು ತಾಗಿರುವ ಕಡೆ ಕಬ್ಬಿಣದ ಅಂಚಿದ್ದರೆ, ದಿನಕ್ಕೆ ನೂರಾರು ಸಲ ಅರ ಆಡಿಸಿದಂತೆಯೇ.

ಸವೆತದ ಜಾಗಗಳು ಬಹುತೇಕ ಎಲ್ಲ ಟ್ರ್ಯಾಕ್ಟರುಗಳಲ್ಲೂ ಒಂದೇ. ಲೋಡರಿನ ತೋಳು ಮಡಚುವ ಕೀಲುಗಳ ಹತ್ತಿರ. ಎರಡು ಹೋಸುಗಳು ಒಂದನ್ನೊಂದು ದಾಟುವ ಕಡೆ. ರಬ್ಬರ್ ರಬ್ಬರನ್ನೇ ತಿನ್ನುತ್ತದೆ. ತಗಡಿನ ತೂತಿನೊಳಗಿಂದ ಹೋಸ್ ಹಾದುಹೋಗುವ ಕಡೆ. ಹಿಂದಿನ ಉಪಕರಣಕ್ಕೆ ಹೋಗುವ ಹೋಸ್ ಜೋತುಬಿದ್ದು ಟೈರಿಗೋ ನೆಲಕ್ಕೋ ತಾಗುವ ಕಡೆ. ಪ್ಲಾಸ್ಟಿಕ್ ಜಿಪ್ ಟೈ ಬಿಗಿದ ಕಡೆಯಲ್ಲೂ ನೋಡಬೇಕು. ಹೋಸನ್ನು ಕಾಪಾಡಲೆಂದು ಬಿಗಿದ ಟೈಯ ಚೂಪಾದ ಅಂಚೇ ಅದನ್ನು ಕೊಯ್ಯುವುದುಂಟು.

ಉಜ್ಜಾಟ ಅಲ್ಲದೆ ಇನ್ನೂ ಮೂರು ಶತ್ರುಗಳಿವೆ. ಮೊದಲನೆಯದು ಅತಿಯಾದ ಬಾಗು. ಅರ್ಧ ಅಂಗುಲದ 100ಆರ್2 ಹೋಸನ್ನು ಏಳು ಅಂಗುಲ ತ್ರಿಜ್ಯಕ್ಕಿಂತ ಇಕ್ಕಟ್ಟಾಗಿ ಬಾಗಿಸಬಾರದು. ಫಿಟ್ಟಿಂಗಿನಿಂದ ಹೊರಬಂದ ಕೂಡಲೇ ಬಾಗಿಸುವುದಂತೂ ತೀರ ಕೆಟ್ಟದ್ದು. ಸ್ವಲ್ಪ ದೂರ ನೇರವಾಗಿ ಹೋಗಲು ಬಿಡಬೇಕು. ಎರಡನೆಯದು ತಿರುಚು. ನಟ್ ಬಿಗಿಯುವಾಗ ಹೋಸೂ ಜೊತೆಗೆ ತಿರುಗಿದರೆ ತಂತಿಯ ಹೆಣಿಗೆ ಓರೆಯಾಗಿ ಅದರ ಆಯುಸ್ಸು ಕುಗ್ಗುತ್ತದೆ. ಮೇಲೆ ಹೇಳಿದ ಅಚ್ಚಿನ ಸಾಲು ಉಪಯೋಗಕ್ಕೆ ಬರುವುದು ಇಲ್ಲೇ: ಸಾಲು ನೇರವಾಗಿದ್ದರೆ ಹೋಸ್ ನೇರವಾಗಿದೆ, ಸಾಲು ಸುತ್ತು ಬಂದಿದ್ದರೆ ಹೋಸ್ ತಿರುಚಿದೆ. ಮೂರನೆಯದು ಬಿಸಿಲು ಮತ್ತು ಬಿಸಿ. ವರ್ಷಗಟ್ಟಲೆ ಬಯಲಿನಲ್ಲಿ ನಿಂತ ಟ್ರ್ಯಾಕ್ಟರಿನ ಹೋಸ್ ಗಟ್ಟಿಯಾಗಿ, ಬಾಗಿನ ಹೊರಬದಿಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಸೈಲೆನ್ಸರ್ ಹತ್ತಿರ ಹಾದುಹೋಗುವ ಹೋಸಿಗೆ ಇದೇ ಗತಿ ಇನ್ನೂ ಬೇಗ ಬರುತ್ತದೆ.

ರಕ್ಷಣೆ: ಮೊದಲು ದಾರಿ, ಆಮೇಲೆ ಕ್ಲ್ಯಾಂಪ್, ಕೊನೆಗೆ ಕವಚ

ಬಹಳ ಜನ ಮೊದಲು ಮಾಡುವುದು ಹೋಸಿಗೆ ಏನನ್ನಾದರೂ ಸುತ್ತುವುದು. ಅದು ಕೊನೆಯ ಕೆಲಸವಾಗಬೇಕು. ಉಜ್ಜಾಟದ ಕಾರಣ ಹಾಗೇ ಉಳಿದರೆ ಕವಚವೂ ಸವೆಯುತ್ತದೆ, ಆಮೇಲೆ ಹೋಸೂ ಸವೆಯುತ್ತದೆ.

ಮೊದಲು ದಾರಿ ಸರಿಪಡಿಸಬೇಕು. ಒಬ್ಬರು ಸೀಟಿನಲ್ಲಿ ಕುಳಿತು ಲೋಡರನ್ನು ನಿಧಾನವಾಗಿ ಪೂರ್ತಿ ಎತ್ತಲಿ, ಇಳಿಸಲಿ, ಬಕೆಟನ್ನು ಎರಡೂ ಕಡೆ ಪೂರ್ತಿ ತಿರುಗಿಸಲಿ. ಇನ್ನೊಬ್ಬರು ಬದಿಯಲ್ಲಿ, ದೂರದಲ್ಲಿ ನಿಂತು ಪ್ರತಿ ಹೋಸನ್ನೂ ನೋಡಲಿ: ಎಲ್ಲಿ ತಾಗುತ್ತದೆ, ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಗಿಡ್ಡ ಹೋಸ್ ಎಳೆದುಕೊಳ್ಳುತ್ತದೆ, ಅತಿ ಉದ್ದದ್ದು ಜೋತುಬಿದ್ದು ಉಜ್ಜುತ್ತದೆ. ಕೆಲವೊಮ್ಮೆ ನೇರ ಫಿಟ್ಟಿಂಗ್ ತೆಗೆದು 45 ಅಥವಾ 90 ಡಿಗ್ರಿಯದು ಹಾಕಿದರೆ ಹೋಸ್ ಅಂಚಿನಿಂದ ದೂರ ಸರಿದು ಸಮಸ್ಯೆಯೇ ಮುಗಿಯುತ್ತದೆ.

ಎರಡನೆಯದು ಕ್ಲ್ಯಾಂಪ್. ಒಳಗೆ ರಬ್ಬರ್ ಇರುವ, ಹೋಸಿನ ಅಳತೆಗೆ ಸರಿಯಾದ ಕ್ಲ್ಯಾಂಪ್ ಬಳಸಬೇಕು. ಹೋಸ್ ಜಾರದಷ್ಟು ಬಿಗಿಯಿರಲಿ, ಹಿಸುಕುವಷ್ಟು ಬೇಡ. ಬಾಗಬೇಕಾದ ಜಾಗದಲ್ಲಿ ಕ್ಲ್ಯಾಂಪ್ ಹಾಕಬಾರದು. ಅದರ ಎರಡು ಬದಿಯ ನೇರ ಭಾಗದಲ್ಲಿ ಹಾಕಬೇಕು. ಒಂದನ್ನೊಂದು ದಾಟುವ ಹೋಸುಗಳನ್ನು ಬೇರೆ ಮಾಡಬೇಕು, ಇಲ್ಲವೇ ಜೊತೆಯಾಗಿ ಹಿಡಿದಿಟ್ಟು ಒಟ್ಟಿಗೇ ಚಲಿಸುವಂತೆ ಮಾಡಬೇಕು. ತಗಡಿನ ತೂತಿನ ಅಂಚಿಗೆ ರಬ್ಬರ್ ಬಳೆ ಹಾಕಬೇಕು.

ಇಷ್ಟಾದ ಮೇಲೂ ತಪ್ಪಿಸಲಾಗದ ಉಜ್ಜಾಟಕ್ಕೆ ಕವಚ. ನಾಲ್ಕು ಬಗೆಯವು ಬಳಕೆಯಲ್ಲಿವೆ.

ನೈಲಾನ್ ಬಟ್ಟೆಯ ಸ್ಲೀವ್ ಬಹುತೇಕ ಕೆಲಸಗಳಿಗೆ ಒಳ್ಳೆಯದು. ಹೋಸ್ ಬಿಚ್ಚದೆಯೇ ಹಾಕಬಹುದಾದ, ಅಂಟುಪಟ್ಟಿ ಇರುವ ಬಗೆಯೂ ಸಿಗುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ: ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾದರೆ, ಚಿಮ್ಮುವ ಎಣ್ಣೆಯ ರಭಸವನ್ನು ಒಳ್ಳೆಯ ಸ್ಲೀವ್ ಸ್ವಲ್ಪ ಮಟ್ಟಿಗೆ ಮುರಿಯುತ್ತದೆ. ಹಾಗೆಂದು ಅದರ ಮೇಲೆ ಕೈ ಇಡಬಹುದು ಎಂದಲ್ಲ.

ಸುರುಳಿಯ ಪ್ಲಾಸ್ಟಿಕ್ ಕವಚ ಅಗ್ಗ, ಗಟ್ಟಿ, ಹಾಕುವುದು ಸುಲಭ. ಆದರೆ ಸುರುಳಿಯ ಸಂದಿನಲ್ಲಿ ಮಣ್ಣು ಮರಳು ಸೇರಿದರೆ ಅದೇ ಉಪ್ಪುಕಾಗದದಂತೆ ಒಳಗಿಂದ ಉಜ್ಜುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಬೇಕು.

ಉಕ್ಕಿನ ಸ್ಪ್ರಿಂಗ್ ಕವಚ ಮರದ ದಿಮ್ಮಿ, ಕಲ್ಲು ತಾಗುವ ಕಡೆಗೆ ಸರಿ. ಅದರ ತುದಿ ಹೋಸಿಗೆ ಚುಚ್ಚದಂತೆ ನೋಡಿಕೊಳ್ಳಬೇಕು.

ಹಳೆಯ ಅಗ್ನಿಶಾಮಕ ಹೋಸಿನ ತುಂಡು ಇಲ್ಲಿನ ರೈತರ ಅಚ್ಚುಮೆಚ್ಚಿನ ಉಪಾಯ. ಉದ್ದಕ್ಕೆ ಸೀಳಿ, ಹೈಡ್ರಾಲಿಕ್ ಹೋಸಿನ ಮೇಲೆ ಹೊದಿಸಿ, ಎರಡು ತುದಿಯಲ್ಲಿ ಕಟ್ಟಿದರೆ ವರ್ಷಗಟ್ಟಲೆ ಬಾಳುತ್ತದೆ.

ಸೈಲೆನ್ಸರ್ ಹತ್ತಿರ ನೈಲಾನ್, ಪ್ಲಾಸ್ಟಿಕ್ ಕರಗುತ್ತವೆ. ಅಲ್ಲಿಗೆ ಸಿಲಿಕೋನ್ ಲೇಪಿಸಿದ ಗಾಜಿನೆಳೆಯ ಕವಚವೇ ಬೇಕು. ಯಾವ ಕವಚವೇ ಆಗಲಿ, ಒಳಗಿನ ಗಾಯವನ್ನು ಮುಚ್ಚಿಡುತ್ತದೆ ಎಂಬುದನ್ನು ಮರೆಯಬಾರದು. ಬ್ಯಾಂಡೇಜ್ ಬಿಚ್ಚದೆ ಗಾಯ ವಾಸಿಯಾಗಿದೆ ಎಂದು ಯಾವ ವೈದ್ಯನೂ ಹೇಳಲಾರ.

ಯಾವಾಗ ಬದಲಾಯಿಸಬೇಕು?

ಹೊರ ಹೊದಿಕೆ ಹೊಳಪು ಕಳೆದುಕೊಂಡು ಚಪ್ಪಟೆಯಾಗಿದ್ದರೆ ದಾರಿ ಸರಿಪಡಿಸಿ ಕವಚ ಹಾಕಿದರೆ ಸಾಕು. ತಂತಿ ಕಂಡರೆ ಹೋಸ್ ಬದಲಾಯಿಸಬೇಕು. ತಂತಿಗೆ ತುಕ್ಕು, ಹೊದಿಕೆಯಲ್ಲಿ ಗುಳ್ಳೆ, ಮಡಚಿದ ಗುರುತು, ಫಿಟ್ಟಿಂಗಿನ ಬುಡದಲ್ಲಿ ಒದ್ದೆ, ಬಾಗಿಸಲಾರದಷ್ಟು ಗಡಸು, ಆಳವಾದ ಬಿರುಕು ಇವುಗಳಲ್ಲಿ ಒಂದಿದ್ದರೂ ಅದೇ ತೀರ್ಮಾನ. ಟೇಪ್ ಸುತ್ತುವುದು, ಮೇಲೆ ಕ್ಲಿಪ್ ಬಿಗಿಯುವುದು ರಿಪೇರಿ ಅಲ್ಲ. 2,500 ಪೌಂಡ್ ಒತ್ತಡದ ಮುಂದೆ ಟೇಪು ಏನೂ ಅಲ್ಲ.

ಹಳೆಯ ಹೋಸನ್ನು ಅಂಗಡಿಗೆ ಒಯ್ದರೆ ಅದೇ ಅಳತೆಯದನ್ನು ಕತ್ತರಿಸಿ, ಫಿಟ್ಟಿಂಗ್ ಒತ್ತಿ ಕೊಡುತ್ತಾರೆ. ವ್ಯಾಸ, ಉದ್ದ, ಕೆಲಸದ ಒತ್ತಡ ಮೂರನ್ನೂ ಹೋಲಿಸಿ ನೋಡಿ. ಸ್ಲೀವ್ ಬೇಕಿದ್ದರೆ ಫಿಟ್ಟಿಂಗ್ ಹಾಕುವ ಮೊದಲೇ ತೊಡಿಸಲು ಹೇಳಿ.

ಬಿಚ್ಚುವ ಮೊದಲು ಲೋಡರ್ ನೆಲಕ್ಕೆ ಇಳಿದಿರಬೇಕು, ಎಂಜಿನ್ ನಿಂತಿರಬೇಕು, ಆಮೇಲೆ ಲಿವರನ್ನು ಎಲ್ಲ ದಿಕ್ಕಿಗೂ ಹಲವು ಸಲ ಆಡಿಸಿ ಉಳಿದ ಒತ್ತಡ ಬಿಡಿಸಬೇಕು. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಇದರ ಕ್ರಮ ಇರುತ್ತದೆ. ಎತ್ತಿದ ಲೋಡರ್ ಅಥವಾ ಟ್ರೇಲರಿನ ಕೆಳಗೆ ಯಾವ ಕಾರಣಕ್ಕೂ ಹೋಗಬಾರದು. ಅದನ್ನು ಎತ್ತಿ ಹಿಡಿದಿರುವುದು ಆ ಹೋಸಿನಲ್ಲಿರುವ ಎಣ್ಣೆಯೇ.

ಸೂಜಿಮೊನೆಯ ತೂತು

ಸವೆದ ಹೋಸ್ ಯಾವಾಗಲೂ ಸದ್ದು ಮಾಡಿ ಒಡೆಯುವುದಿಲ್ಲ. ಎಷ್ಟೋ ಸಲ ಮೊದಲು ಆಗುವುದು ಸೂಜಿಮೊನೆಯಷ್ಟು ತೂತು. ಅಲ್ಲಿಂದ ಎಣ್ಣೆ ಕಣ್ಣಿಗೆ ಸರಿಯಾಗಿ ಕಾಣದ ಎಳೆಯಾಗಿ ಚಿಮ್ಮುತ್ತದೆ. ನೆಲದಲ್ಲಿ ಎಣ್ಣೆ ಕಾಣುತ್ತದೆ, ಬರುತ್ತಿರುವುದು ಎಲ್ಲಿಂದ ಎಂದು ತಿಳಿಯುವುದಿಲ್ಲ. ಆಗ ಮನುಷ್ಯ ಸಹಜವಾಗಿ ಮಾಡುವುದು ಹೋಸಿನುದ್ದಕ್ಕೂ ಕೈ ಸವರಿ ನೋಡುವುದು.

ಚದರ ಅಂಗುಲಕ್ಕೆ 100 ಪೌಂಡ್ ಒತ್ತಡದ ಎಳೆಯೂ ಚರ್ಮವನ್ನು ತೂರಬಲ್ಲದು. ಇಲ್ಲಿರುವುದು ಅದರ 20 ಅಥವಾ 30 ಪಟ್ಟು. ಎಣ್ಣೆ ಬೆರಳಿನೊಳಗೆ ಹೊಕ್ಕು, ಸ್ನಾಯುರಜ್ಜುವಿನ ಕೋಶದ ದಾರಿ ಹಿಡಿದು ಅಂಗೈ, ಕೆಲವೊಮ್ಮೆ ಮುಂಗೈವರೆಗೂ ಹೋಗುತ್ತದೆ. ಚರ್ಮದ ಅಥವಾ ಬಟ್ಟೆಯ ಗ್ಲೌಸ್ ಇದನ್ನು ತಡೆಯುವುದಿಲ್ಲ.

ಈ ಗಾಯದ ಮೋಸವೆಂದರೆ ಅದು ಮೊದಲು ಏನೂ ಅಲ್ಲದಂತೆ ಕಾಣುವುದು. ಒಂದು ಚುಕ್ಕೆ, ಇರುವೆ ಕಚ್ಚಿದಷ್ಟು ಉರಿ, ಒಂದು ಹನಿ ರಕ್ತ. ನಾನು ನೋಡಿದ ರೋಗಿಗಳಲ್ಲಿ ಒಬ್ಬ ರೈತ ಹೀಗೆ ಎಡಗೈ ತೋರುಬೆರಳಿಗೆ ಪೆಟ್ಟಾದ ಮೇಲೆ ಕೈ ತೊಳೆದು, ಉಳಿದ ಕೆಲಸ ಮುಗಿಸಿ, ಊಟ ಮಾಡಿ ಮಲಗಿದ್ದ. ನಡುರಾತ್ರಿ ನೋವಿನಿಂದ ಎದ್ದು ಬಂದಾಗ ಬೆರಳು ಊದಿ, ತುದಿ ಬಿಳಿಚಿಕೊಂಡು, ಸ್ಪರ್ಶವೇ ಇರಲಿಲ್ಲ. ಕೂಡಲೇ ನಗರದ ಕೈ ಶಸ್ತ್ರಚಿಕಿತ್ಸಕರ ಬಳಿಗೆ ಕಳಿಸಿದೆವು. ಮೂರು ಶಸ್ತ್ರಚಿಕಿತ್ಸೆಗಳಾದ ಮೇಲೂ ಆ ಬೆರಳು ಉಳಿಯಲಿಲ್ಲ.

ಕಾರಣ ಹೀಗಿದೆ. ಬೆರಳಿನೊಳಗೆ ಜಾಗ ಬಹಳ ಕಡಿಮೆ. ಹೊಕ್ಕ ಎಣ್ಣೆಯ ಗಾತ್ರ, ಅದರಿಂದಾಗುವ ಊತ ಎರಡೂ ಸೇರಿ ರಕ್ತನಾಳಗಳನ್ನು ಒತ್ತುತ್ತವೆ. ಎಣ್ಣೆಯಲ್ಲಿರುವ ರಾಸಾಯನಿಕಗಳು ಅಂಗಾಂಶವನ್ನು ಕೆರಳಿಸಿ ಕೊಲ್ಲುತ್ತವೆ. ಜೊತೆಗೆ ಹೋದ ಕೊಳೆಯಿಂದ ಸೋಂಕು ಬೇರೆ. ಇಂಥ ಗಾಯ ವೈದ್ಯಕೀಯಕ್ಕೆ ಹೊಸತಲ್ಲ. ಡೀಸೆಲ್ ಎಂಜಿನ್ನಿನ ಇಂಧನ ಒತ್ತಡದಿಂದ ಅಂಗಾಂಶಕ್ಕೆ ನುಗ್ಗಿದ ಪ್ರಕರಣವನ್ನು ರೀಸ್ ಎಂಬ ವೈದ್ಯರು 1937ರಲ್ಲಿಯೇ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಬಣ್ಣ, ಗ್ರೀಸ್, ಎಣ್ಣೆ ಮುಂತಾದ ಎಲ್ಲ ಬಗೆಯ ಒತ್ತಡದ ಗಾಯಗಳ 435 ಪ್ರಕರಣಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ ಸುಮಾರು ಶೇ. 30ರಷ್ಟು ಜನರಿಗೆ ಅಂಗಚ್ಛೇದನ ಬೇಕಾಗಿತ್ತು.

ಆದ್ದರಿಂದ ಸೋರಿಕೆ ಹುಡುಕಲು ಕೈ ಬಳಸಲೇಬಾರದು. ಕಣ್ಣಿಗೆ ಸುರಕ್ಷಾ ಕನ್ನಡಕ ಹಾಕಿ, ದೊಡ್ಡ ರಟ್ಟಿನ ತುಂಡನ್ನು ಕೈ ದೂರವಿರುವಂತೆ ಹಿಡಿದು ಹೋಸಿನ ಉದ್ದಕ್ಕೂ ಸರಿಸಿ. ಎಣ್ಣೆಯ ಎಳೆ ತಾಗಿದ ಕಡೆ ರಟ್ಟು ಒದ್ದೆಯಾಗುತ್ತದೆ, ಇಲ್ಲವೇ ತೂತಾಗುತ್ತದೆ. ಇದಕ್ಕಿಂತ ಸುರಕ್ಷಿತ ಮಾರ್ಗ, ಎಂಜಿನ್ ನಿಲ್ಲಿಸಿ, ಒತ್ತಡ ಬಿಡಿಸಿ, ಹೋಸ್ ಒರೆಸಿ ಕಣ್ಣಿನಿಂದಲೇ ಸವೆತ ಹುಡುಕುವುದು. ಅನುಮಾನ ಬಂದ ಹೋಸನ್ನು ಬದಲಾಯಿಸಿಬಿಡುವುದು.

ಎಣ್ಣೆ ಹೊಕ್ಕರೆ ಮಾಡಬೇಕಾದದ್ದು

ಎಣ್ಣೆ ಚರ್ಮದೊಳಗೆ ಹೋಗಿರಬಹುದು ಎಂಬ ಅನುಮಾನ ಬಂದರೂ ಸಾಕು, ನೋವಿಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹತ್ತಿರದ ಸಣ್ಣ ಕ್ಲಿನಿಕ್ಕಿಗಿಂತ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ತುರ್ತು ಚಿಕಿತ್ಸಾ ವಿಭಾಗ ಮೇಲು. ಬಾಗಿಲಲ್ಲೇ ಹೇಳಬೇಕಾದ ಮಾತು: "ಹೈ ಪ್ರೆಶರ್ ಇಂಜೆಕ್ಷನ್ ಇಂಜುರಿ, ಹೈಡ್ರಾಲಿಕ್ ಆಯಿಲ್." ಬರಿಯ "ಬೆರಳಿಗೆ ಚುಚ್ಚಿದೆ" ಎಂದರೆ ಟೆಟನಸ್ ಚುಚ್ಚುಮದ್ದು ಕೊಟ್ಟು ಮನೆಗೆ ಕಳಿಸುವ ಸಾಧ್ಯತೆ ಇದೆ. ಎಷ್ಟು ಹೊತ್ತಿಗೆ ಆಯಿತು, ಒತ್ತಡ ಎಷ್ಟು ಎಂಬುದನ್ನು ತಿಳಿಸಿ. ಎಣ್ಣೆಯ ಡಬ್ಬಿಯ ಫೋಟೋ ತೆಗೆದುಕೊಂಡು ಹೋಗಿ.

ದಾರಿಯಲ್ಲಿ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಿರಿ, ಉಂಗುರ ಮತ್ತು ವಾಚು ತೆಗೆದುಬಿಡಿ. ಹಿಸುಕಿ ಎಣ್ಣೆ ತೆಗೆಯಲು ಹೋಗಬೇಡಿ. ಬಿಗಿಯಾಗಿ ಕಟ್ಟಬೇಡಿ, ಐಸ್ ಇಡಬೇಡಿ. ಮೊದಲೇ ಕಡಿಮೆಯಾದ ರಕ್ತಸಂಚಾರವನ್ನು ಅವು ಇನ್ನೂ ಕುಗ್ಗಿಸುತ್ತವೆ. ಶಸ್ತ್ರಚಿಕಿತ್ಸೆ ಬೇಕಾಗುವ ಸಾಧ್ಯತೆ ಹೆಚ್ಚಾದ್ದರಿಂದ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಚಿಕಿತ್ಸೆಯೆಂದರೆ ಸಾಮಾನ್ಯವಾಗಿ ಬೆರಳನ್ನು ಅಗಲವಾಗಿ ತೆರೆದು ಎಣ್ಣೆಯನ್ನೂ ಸತ್ತ ಅಂಗಾಂಶವನ್ನೂ ತೆಗೆಯುವುದು. ಇದು ಎಷ್ಟು ಬೇಗ ಆಗುತ್ತದೋ ಬೆರಳು ಉಳಿಯುವ ಸಾಧ್ಯತೆ ಅಷ್ಟು ಹೆಚ್ಚು. ಮೊದಲ ಆರು ಗಂಟೆ ಬಹಳ ಮುಖ್ಯ.

ಊರಿನವರಿಗೂ ತಿಳಿಸಿ

ಕರ್ನಾಟಕದಲ್ಲಿ ಇದನ್ನು ಹೋಸ್ ಎನ್ನುವುದಕ್ಕಿಂತ ಹೈಡ್ರಾಲಿಕ್ ಪೈಪು ಎನ್ನುವುದೇ ಹೆಚ್ಚು. ಅಲ್ಲಿ ಮುಂದಿನ ಲೋಡರಿಗಿಂತ ಹೆಚ್ಚಾಗಿ ಕಾಣುವುದು ಹಿಂದಿನ ಟಿಪ್ಪರ್ ಟ್ರೇಲರ್. ಟ್ರ್ಯಾಕ್ಟರಿನಿಂದ ಟ್ರೇಲರಿನ ಜಾಕಿಗೆ ಹೋಗುವ ಪೈಪು ತಿರುವಿನಲ್ಲಿ ಎಳೆದುಕೊಳ್ಳುತ್ತದೆ, ನೇರ ದಾರಿಯಲ್ಲಿ ಜೋತುಬಿದ್ದು ಕೊಂಡಿಗೆ ಉಜ್ಜುತ್ತದೆ. ಒಂದು ಸ್ಪ್ರಿಂಗಿನಿಂದಲೋ ಕೊಕ್ಕೆಯಿಂದಲೋ ಅದನ್ನು ಮೇಲಕ್ಕೆ ತೂಗುಹಾಕಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಟ್ರೇಲರ್ ಬಿಚ್ಚಿಟ್ಟಾಗ ಪೈಪಿನ ಬಾಯಿಗೆ ಮುಚ್ಚಳ ಹಾಕಿ, ನೆಲಕ್ಕೆ ಬಿಡದೆ ಮೇಲೆ ಸುತ್ತಿಡಬೇಕು. ಬಿಸಿಲಿನಲ್ಲಿ ನಿಂತ ಟ್ರ್ಯಾಕ್ಟರಿಗೆ ನೆರಳು, ಕೊಟ್ಟಿಗೆಯಲ್ಲಿ ನಿಂತದ್ದಕ್ಕೆ ಇಲಿಗಳ ಮೇಲೆ ಕಣ್ಣು ಬೇಕು.

ಹಳೆಯ ಸೈಕಲ್ ಟ್ಯೂಬ್ ಸುತ್ತುವ ರೂಢಿ ಒಳ್ಳೆಯ ಪೈಪಿಗೆ ಉಜ್ಜಾಟ ತಡೆಯಲು ಪರವಾಗಿಲ್ಲ. ಮಳೆಗಾಲದ ನಂತರ ಬಿಚ್ಚಿ ನೋಡಿದರಾಯಿತು, ಏಕೆಂದರೆ ಒಳಗೆ ನೀರು ನಿಂತು ತಂತಿ ತುಕ್ಕು ಹಿಡಿಯುತ್ತದೆ. ಆದರೆ ಸೋರುತ್ತಿರುವ ಪೈಪಿಗೆ ಟ್ಯೂಬ್ ಸುತ್ತಿ ಕೆಲಸ ಮುಂದುವರಿಸುವುದು ಅಪಾಯ. ಪೈಪು ಬದಲಾಯಿಸಲು ಸುಗ್ಗಿ ಮುಗಿಯಲಿ ಎಂದು ಕಾಯಬಾರದು.

ತಿಂಗಳಿಗೊಮ್ಮೆ ಟ್ರ್ಯಾಕ್ಟರ್ ತೊಳೆದ ದಿನ ಹತ್ತು ನಿಮಿಷ ಸಾಕು. ಎಂಜಿನ್ ನಿಂತಿರುವಾಗ, ಲೋಡರ್ ನೆಲದ ಮೇಲಿರುವಾಗ, ಪ್ರತಿ ಹೋಸನ್ನೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ, ಹೊಳೆಯುವ ಅಥವಾ ಚಪ್ಪಟೆಯಾದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಮುಂದಿನ ತಿಂಗಳು ಮೊದಲು ನೋಡಬೇಕಾದದ್ದು ಆ ಗುರುತುಗಳನ್ನೇ. ಟ್ರ್ಯಾಕ್ಟರ್ ಓಡಿಸುವ ಮಕ್ಕಳಿಗೆ, ಊರಿನ ಚಾಲಕರಿಗೆ ಈ ಲೇಖನದಿಂದ ಒಂದೇ ಮಾತು ತಲುಪಿಸುವುದಾದರೆ ಅದು ಇಷ್ಟು: ಸೋರುವ ಹೋಸನ್ನು ಕೈಯಿಂದ ಮುಟ್ಟಬೇಡಿ, ಚುಚ್ಚಿದರೆ ಬೆಳಗಾಗಲಿ ಎಂದು ಕಾಯಬೇಡಿ.